ಗಾಳಿಯ ತಲೆಗೆ ಕಟ್ಟಿದ ಹೆಂಚು

ಮನೆಗಳ ಹೆಂಚಿನ ಮಾಡಿನ ಮೇಲೆ ಓಡಾಡಿ ಹೊಟ್ಟೆ ಹೊರೆಯುವವನನ್ನು ಜನ ಬೆಕ್ಕಪ್ಪ ಎನ್ನದೆ ಇನ್ನೇನು ಆನೆಯಪ್ಪ ಎಂದಾರೆಯೇ? ಐವತ್ತು ದಾಟಿದ ಮೇಲೂ ಏಣಿಯಿಂದ ಹೆಂಚಿಗೆ, ಹೆಂಚಿನಿಂದ ಗೋಡೆಗೆ ಸದ್ದಿಲ್ಲದೆ ಕಾಲಿಡುತ್ತಿದ್ದ. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ವಯಸ್ಸು ಕಳೆದುಹೋಗಿ, ಕೇಳುವವರೂ ಸುಮ್ಮನಾಗಿದ್ದರು. ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಅವನ ಸಂಸಾರ, ಅಂದರೆ ಅವನು ಮತ್ತು ಒಂದು ಸ್ಟವ್ವು. ದೂರದಲ್ಲಿದ್ದ ಅಕ್ಕ ಭಾನುವಾರ ಫೋನು ಮಾಡುತ್ತಿದ್ದಳು. "ಏನೋ, ಊಟ ಆಯ್ತಾ?" "ಆಯ್ತಕ್ಕ." "ಸರಿ, ಇಡ್ಲಾ?" "ಇಡು." ವಾರದ ಬಂಧು ಬಳಗವೆಲ್ಲ ಅಲ್ಲಿಗೆ ಮುಗಿಯುತ್ತಿತ್ತು.

ಅವನಿದ್ದದ್ದು ವಿಮಾನ ನಿಲ್ದಾಣದ ರಿಪೇರಿ ವಿಭಾಗದಲ್ಲಿ. ವಿಮಾನಗಳು ಇಳಿಯುವ ದಾರಿಯ ಕೆಳಗೆ ನಾಲ್ಕಾರು ಬೀದಿಗಳಿದ್ದವು. ಅಲ್ಲಿ ಯಾರ ಮನೆಯ ಹೆಂಚು ಹಾರಿದರೂ ಹೋಗಿ ಕೂರಿಸಿ ಬರುವುದು ಅವನ ಕೆಲಸ. ವಿಮಾನ ಬಂದರೆ ಹೆಂಚು ಯಾಕೆ ಹಾರಬೇಕು ಎಂದು ಹೊಸಬರು ನಗುತ್ತಾರೆ. ನಗಲಿ. ದೊಡ್ಡ ವಿಮಾನ ಹೋದ ಮೇಲೆ ಅದರ ಎರಡು ರೆಕ್ಕೆಗಳ ತುದಿಯಿಂದ ಎರಡು ಸುಳಿಗಾಳಿ ಹಿಂದೆ ಉಳಿಯುತ್ತವೆ, ಕಣ್ಣಿಗೆ ಕಾಣುವುದಿಲ್ಲ. ವಿಮಾನ ಇಳಿದು, ಸದ್ದಡಗಿ, ಜನ ಮತ್ತೆ ಮಾತಿಗೆ ತೊಡಗಿದ ಹೊತ್ತಿಗೆ ಅವು ಮೆಲ್ಲಗೆ ಕೆಳಗಿಳಿದು ಯಾವುದೋ ಮನೆಯ ಮಾಡಿಗೆ ಕೈ ಹಾಕುತ್ತವೆ. ಒಂದೆರಡು ಹೆಂಚಲ್ಲ, ಒಂದು ಅಂಕಣವೇ ಕೆದರಿ ಹೋಗುತ್ತದೆ. ಕೆಲವು ಅಂಗಳಕ್ಕೆ ಬಿದ್ದು ಚೂರಾಗುತ್ತವೆ.

ಹೆಂಚಿಗೇ ಈ ಗತಿಯಾದರೆ ಹಿಂದಿನಿಂದ ಬರುತ್ತಿರುವ ಚಿಕ್ಕ ವಿಮಾನದ ಗತಿಯೇನು? ಅದಕ್ಕೇ ಒಂದಿಳಿದ ಮೇಲೆ ಇನ್ನೊಂದು ಬರುವ ನಡುವೆ ಅಂತರ ಇಟ್ಟಿರುತ್ತಾರೆ. ಆ ಬೀದಿಗಳ ಜನರ ಮಾತುಕತೆ, ಜಗಳ, ಲೋಕಾಭಿರಾಮ ಎಲ್ಲವೂ ಆ ಅಂತರದಲ್ಲೇ ನಡೆಯಬೇಕು. ವಿಮಾನ ತಲೆಯ ಮೇಲೆ ಬಂದಾಗ ಅರ್ಧ ಮಾತಿಗೆ ಬಾಯಿ ಮುಚ್ಚಿ, ಅದು ಹೋದ ಮೇಲೆ ಉಳಿದರ್ಧ ಮುಗಿಸುವುದು ಅವರಿಗೆ ರೂಢಿಯಾಗಿತ್ತು. ಹೊರಗಿನಿಂದ ಬಂದವರಿಗೆ ಇವರಿಗೆಲ್ಲ ಏನೋ ಬಡಿದಿದೆ ಎನಿಸುತ್ತಿತ್ತು.

ಬೆಕ್ಕಪ್ಪ ಮಾಡು ನೋಡಿ ವಿಭಾಗಕ್ಕೆ ಫೋನಿನಲ್ಲಿ ಒಂದು ಮಾತು ಹೇಳಬೇಕು. "ಗಾಳಿ" ಎಂದರೆ ಅದು ವಿಮಾನದ ಕಿತಾಪತಿ, ನಿಲ್ದಾಣವೇ ಸರಿಮಾಡಿಸುತ್ತದೆ. "ಹಳತು" ಎಂದರೆ ಹೆಂಚಿಗೆ ವಯಸ್ಸಾಗಿದೆ, ಮನೆಯವರು ತಮ್ಮ ಪಾಡು ತಾವು ನೋಡಿಕೊಳ್ಳಬೇಕು. ಎಷ್ಟೋ ಜನ ಕೈ ಹಿಡಿದು ಗಾಳಿ ಅನ್ನಿ ಎಂದು ಗೋಗರೆದಿದ್ದರು. ಗಾಳಿ ಬಂದಾಗ ತೂರಿಕೊಳ್ಳಬೇಕು ಎನ್ನುವ ಜನ. ಬೆಕ್ಕಪ್ಪ ಜಗ್ಗುತ್ತಿರಲಿಲ್ಲ. ಹೊಗಳಲು ಬೇರೇನೂ ಇಲ್ಲದವನಿಗೆ ತನ್ನ ಮಾತೇ ಆಸ್ತಿ. ಅವನು ಗಾಳಿ ಎಂದರೆ ಗಾಳಿ.

ಟೈಲರಮ್ಮನ ಮನೆಯ ವಿಷಯದಲ್ಲಿ ಮಾತ್ರ ಹಾಗಾಗಲಿಲ್ಲ.

ಆಕೆಯ ಮನೆ ಇಳಿಯುವ ದಾರಿಗೆ ಸಾಕಷ್ಟು ಪಕ್ಕದಲ್ಲಿ, ಕೊನೆಯ ಬೀದಿಯ ಕೊನೆಗಿತ್ತು. ಗಂಡ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಗೋಡೆಗೆ ಜನರ ಕೋಟು ಪ್ಯಾಂಟುಗಳ ಸಾಲು. ಹೊಸ ಬಟ್ಟೆ ಹೊಲಿಯುತ್ತಿರಲಿಲ್ಲ, ಹಳೆಯದನ್ನು ಹಿಗ್ಗಿಸಿ ಕುಗ್ಗಿಸಿ ಕೊಡುತ್ತಿದ್ದರು. ಮೊದಲ ಸಲ ಅವನು ಹೋದಾಗ ಒಂದೇ ಒಂದು ಹೆಂಚು ಜಾರಿತ್ತು. ಅದರ ಅಡಿಯ ಮೂಗು ಸವೆದು, ಹೆಂಚು ಹೊರುವ ಮರದ ರೀಪಿನ ಮೇಲೆ ನಿಲ್ಲುತ್ತಿರಲಿಲ್ಲ. ನೂರಕ್ಕೆ ನೂರು ಹಳತು. ಕೆಳಗಿಳಿದಾಗ ಟೈಲರಮ್ಮ ಟೀ ಕೊಟ್ಟರು. ಅವನ ಅಂಗಿಯ ತೋಳಿನ ಹರುಕು ನೋಡಿ, "ಅದನ್ನಿಲ್ಲಿ ಕೊಡಿ" ಎಂದು ಬಿಚ್ಚಿಸಿಕೊಂಡು, ಅವನು ಬನಿಯನ್ನಿನಲ್ಲಿ ನಾಚಿಕೊಂಡು ಕೂತಿರುವಾಗಲೇ ಹೊಲಿದು ಕೊಟ್ಟುಬಿಟ್ಟರು. ಅವನ ಅಂಗಿಯನ್ನು ಬೇರೆ ಕೈ ಮುಟ್ಟಿ ಎಷ್ಟು ಕಾಲವಾಗಿತ್ತೋ. ಬೀದಿಯ ತುದಿಗೆ ಬಂದು ಫೋನು ಮಾಡಿದಾಗ ಅವನ ಬಾಯಿಂದ "ಗಾಳಿ" ಎಂದು ಬಂತು. ಬಂದದ್ದು ಬಂತು, ಒಂದು ಹೆಂಚಿಗೆ ಯಾರ ಗಂಟು ಹೋಗುತ್ತದೆ ಎಂದುಕೊಂಡ.

ಕೆಲವು ವಾರಗಳಲ್ಲೇ ಆ ಮನೆಯಿಂದ ಮತ್ತೆ ಕರೆ ಬಂತು. ಬೆಕ್ಕಪ್ಪ ಮಾಡು ಹತ್ತಿ ನೋಡಿ ತನ್ನಷ್ಟಕ್ಕೇ ನಕ್ಕ. ಸುಳಿಗಾಳಿ ಎತ್ತಿದ ಹೆಂಚು ಹೀಗಿರುವುದಿಲ್ಲ. ಇದನ್ನು ಎತ್ತಿ, ಪಕ್ಕದ ಹೆಂಚಿನ ಮೇಲೆ ಮಗು ಮಲಗಿಸಿದ ಹಾಗೆ ಅಂಗಾತ ಮಲಗಿಸಿತ್ತು. ಒಂದು ಬಿರುಕಿಲ್ಲ. ಸಾಲದ್ದಕ್ಕೆ ಅಂಚಿನಲ್ಲಿ ನೀಲಿ ಬಣ್ಣದ ನಾಲ್ಕು ಬೆರಳಿನ ಗುರುತು. ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣದ ಬಣ್ಣ ಅದು. ಪಕ್ಕದಲ್ಲೇ, ಅಟ್ಟದ ಮೇಲಿನ ಮಾಡಿನಲ್ಲಿ, ಗಾಜು ಎತ್ತಿ ತೆರೆಯುವ ಒಂದು ಬೆಳಕಿನ ಕಿಂಡಿಯಿತ್ತು. ಒಳಗಿನಿಂದ ಸ್ಟೂಲು ಹತ್ತಿ ಕೈ ಚಾಚಿದರೆ ಎಟಕುವ ಜಾಗ ಅದು. ಆ ಗಾಳಿಗೂ ಒಂದು ಕೈಯಳತೆ ಇತ್ತು ಅನ್ನಿ.

ಬೆಕ್ಕಪ್ಪ ಸುತ್ತ ಒಮ್ಮೆ ನೋಡಿ, ಟೈಲರಮ್ಮನೇ ಹೊಲಿದುಕೊಟ್ಟಿದ್ದ ತೋಳಿನಿಂದ ಆ ನೀಲಿ ಗುರುತನ್ನು ಒರೆಸಿಬಿಟ್ಟ.

"ಏನಾಗಿತ್ತು?" ಎಂದು ಟೈಲರಮ್ಮ ಕೆಳಗೆ ಕೇಳಿದರು. ಮುಖ ಟೀ ಲೋಟದ ಕಡೆಗಿತ್ತು.

"ಗಾಳಿ," ಎಂದ.

"ಅಬ್ಬಾ, ಏನ್ ಗಾಳಿ ಅಂತೀರಿ!"

"ಹೂಂ, ಈ ಕಡೆ ಸ್ವಲ್ಪ ಜಾಸ್ತೀನೇ."

ಕಳ್ಳನಿಗೊಂದು ಪಿಳ್ಳೆ ನೆವ ಎನ್ನುತ್ತಾರೆ. ಇಲ್ಲಿ ಕಳ್ಳರು ಇಬ್ಬರು, ನೆವ ಒಂದೇ ಹೆಂಚು. ಆಮೇಲೆ ಆಗೊಮ್ಮೆ ಈಗೊಮ್ಮೆ ಆ ಕಿಂಡಿಯ ಸುತ್ತಲಿನ ಹೆಂಚುಗಳು ಸರದಿಯ ಮೇಲೆ ಏಳತೊಡಗಿದವು. ಆಕೆ ಸಡಗರದಿಂದ ಫೋನು ಮಾಡುವುದು, ಇವನು ಗಂಭೀರವಾಗಿ ಏಣಿ ಹೊತ್ತು ಬರುವುದು, ಕ್ಷಣದಲ್ಲಿ ಕೂರಿಸಿ ಇಳಿಯುವುದು, ಮಿಕ್ಕ ಹೊತ್ತೆಲ್ಲ ಮಾತು. ವಿಮಾನ ಬಂದಾಗ ನಿಲ್ಲಿಸಿ, ಹೋದಾಗ ಮುಂದುವರಿಸಿದ ಮಾತು.

"ಒಬ್ರು ಮೇಷ್ಟ್ರು ಬರ್ತಾರೆ," ಎಂದು ಒಮ್ಮೆ ಟೈಲರಮ್ಮ ಹೇಳಿದ್ದರು. "ಬಂದಾಗೆಲ್ಲ ಅದೇ ಕೋಟು. ಸಡಿಲ ಆಗಿದೆ, ಒಳಗೆ ಹಿಡೀರಿ ಅಂತಾರೆ. ಹಿಡಿದೂ ಹಿಡಿದೂ..." ವಿಮಾನ ಬಂತು. ಇಬ್ಬರೂ ಸುಮ್ಮನೆ ಕೂತರು. ಅದು ಹೋಯಿತು. "...ಇನ್ನು ಹಿಡಿಯೋಕೆ ಬಟ್ಟೇನೇ ಇಲ್ಲ. ಹಾಗಂತ ಹೇಳೋದು ಹೇಗೆ? ಕೋಟು ಇಸ್ಕೊಂಡು ಇಸ್ತ್ರಿ ಮಾಡಿ ಕೊಟ್ಟೆ. ಈಗ ಸರಿಯಾಯ್ತು ಅಂದ್ರು."

ಬೆಕ್ಕಪ್ಪನಿಗೆ ಆ ರಾತ್ರಿಯ ಊಟದ ಹೊತ್ತಿಗೂ ಆ ಮೇಷ್ಟರೇ ನೆನಪಿಗೆ ಬಂದರು. ಹೇಳಿಕೊಳ್ಳಲು ಅವನ ಹತ್ತಿರ ಅಂಥ ಕತೆಗಳಿರಲಿಲ್ಲ. ಯಾರ ಮನೆ ಮಾಡಿನ ಮೇಲೆ ಏನು ಸಿಕ್ಕಿತು ಎನ್ನುವುದನ್ನೇ ಹೇಳುತ್ತಿದ್ದ. ಚೆಂಡು, ಒಂಟಿ ಚಪ್ಪಲಿ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು. ಟೈಲರಮ್ಮ ಹಲ್ಲಿನ ಸೆಟ್ಟಿಗೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿದ್ದರು. ಆ ನಗು ನೋಡಬೇಕೆಂದೇ ಅವನು ಮುಂದಿನ ಸಲ ಒಂದು ಕನ್ನಡಕ ಸಿಕ್ಕಿತೆಂದು ಸುಳ್ಳು ಹೇಳಿದ. ಒಂದು ದಿನವಾದರೂ ಹೆಂಚಿನ ಸುದ್ದಿಯಿಲ್ಲದೆ ಆ ಬಾಗಿಲು ತಟ್ಟುವ ಧೈರ್ಯ ಅವನಿಗಾಗಲಿಲ್ಲ. ಸುಮ್ಮನೆ ಬನ್ನಿ ಎನ್ನುವ ಧೈರ್ಯ ಆಕೆಗೂ ಆಗಲಿಲ್ಲ.

ಹೀಗೆ ಹಿತವಾಗಿ ನಡೆದಿದ್ದ ಕಳ್ಳತನಕ್ಕೆ ಕಲ್ಲು ಬಿದ್ದದ್ದು ಸುಳಿ ಮೇಡಂ ಅವರಿಂದ.

ನಿಲ್ದಾಣದಲ್ಲಿ ಈ ಸುಳಿಗಾಳಿಯ ಅಧ್ಯಯನಕ್ಕೆಂದೇ ಬಂದಿದ್ದ ಎಂಜಿನಿಯರ್ ಆಕೆ. ಎಲ್ಲರೂ ಹಿಂದಿನಿಂದ ಸುಳಿ ಮೇಡಂ ಎನ್ನುತ್ತಿದ್ದರು. ಅದು ಗೊತ್ತಾದ ಮೇಲೆ ಅವರೇ ಫೋನೆತ್ತಿ "ಸುಳಿ ಮಾತಾಡ್ತಿದೀನಿ" ಎನ್ನತೊಡಗಿದರು. ಒಂದು ಮಂಜಿನ ಬೆಳಿಗ್ಗೆ ಅವರು ಬೆಕ್ಕಪ್ಪನನ್ನು ಜೀಪಿನಲ್ಲಿ ಕೂರಿಸಿಕೊಂಡು ರನ್‌ವೇಯ ತುದಿಯ ಹೊರಗಿನ ಹುಲ್ಲುಗಾವಲಿಗೆ ಕರೆದುಕೊಂಡು ಹೋದರು.

"ನೋಡ್ತಾ ಇರಿ," ಎಂದರು.

ಭಾರೀ ವಿಮಾನವೊಂದು ತಲೆಯ ಮೇಲೆ ಹಾದು ಇಳಿಯಿತು. ಅದು ಹೋದ ಮೇಲೆ ಮಂಜಿನಲ್ಲಿ, ಎಡಕ್ಕೊಂದು ಬಲಕ್ಕೊಂದು, ಎರಡು ಸುರುಳಿ ತಿರುಗುವುದು ಕಾಣಿಸಿತು. ಇಷ್ಟು ವರ್ಷ ಅವು ಮಾಡಿದ ಹಾಳನ್ನು ರಿಪೇರಿ ಮಾಡಿದವನು ಅವುಗಳ ಮುಖ ನೋಡಿದ್ದು ಅಂದೇ ಮೊದಲು. ಅವು ಅವಸರವಿಲ್ಲದೆ ಕೆಳಗಿಳಿದು, ಹುಲ್ಲಿಗೆ ಸ್ವಲ್ಪ ಮೇಲೆ ನಿಂತು, ತಿರುಗುತ್ತಲೇ ಇದ್ದವು.

"ಲಾರಿ ಹಿಂದೆ ಸೈಕಲ್ ಹೊಡೆದಿದೀರಾ?"

"ಹೊಡೆದಿದೀನಿ ಮೇಡಂ. ಲಾರಿ ಹೋಗ್ತಿದ್ದ ಹಾಗೇ ಹ್ಯಾಂಡಲ್ ಎಳೆಯುತ್ತೆ."

"ಅದೇ ಇದು. ಆದ್ರೆ ಸೈಕಲ್ಲಿಂದ ಬಿದ್ರೆ ಮಂಡಿ ತರಚುತ್ತೆ ಅಷ್ಟೇ. ಇಳಿಯೋ ವಿಮಾನ ನಿಧಾನವಾಗಿರುತ್ತೆ, ನೆಲಕ್ಕೆ ಹತ್ರ ಇರುತ್ತೆ. ಸುಳಿ ಹೋಗಿ ಒಂದು ರೆಕ್ಕೆ ಹಿಡಿದು ಮಗುಚಿದ್ರೆ, ಪೈಲಟ್ ಎಷ್ಟೇ ಗಟ್ಟಿಗನಾಗಿದ್ರೂ ಸರಿಮಾಡ್ಕೊಳ್ಳೋಕೆ ಕೆಳಗೆ ಜಾಗ ಬೇಕಲ್ಲ?"

ಬೆಕ್ಕಪ್ಪ ತಲೆಯಾಡಿಸಿದ.

"ಅಡ್ಡಗಾಳಿ ಬೀಸ್ತಿದ್ರೆ ಈ ಸುಳಿ ಪಕ್ಕಕ್ಕೆ ಹೋಗುತ್ತೆ, ದಾರಿ ಖಾಲಿಯಾಗುತ್ತೆ. ಆಗ ಹಿಂದಿನ ವಿಮಾನ ಇನ್ನೂ ಹತ್ರ ಬಂದ್ರೂ ತೊಂದ್ರೆ ಇಲ್ಲ. ಆ ಅಂತರ ಕಮ್ಮಿ ಮಾಡಿ ಅಂತ ಮೇಲಿನೋರು ನನ್ನ ತಲೆ ಮೇಲೆ ಕೂತಿದಾರೆ. ಎಷ್ಟು ಗಾಳಿ ಇದ್ರೆ ಸಾಕು ಅನ್ನೋದೇ ಪ್ರಶ್ನೆ. ನಮ್ಮ ಯಂತ್ರ ಏನು ಹೇಳುತ್ತೆ ಅಂದ್ರೆ, ಸಣ್ಣ ಗಾಳಿಗೆಲ್ಲ ಸುಳಿ ಕದಲಲ್ಲ, ದಾರಿ ಮೇಲೇ ನಿಂತಿರುತ್ತೆ ಅಂತ." ಮೇಡಂ ಅವನ ಕಡೆ ತಿರುಗಿದರು. "ಆದ್ರೆ ನಿಮ್ಮ ಹೆಂಚು ಬೇರೆ ಮಾತು ಹೇಳ್ತಿದೆ."

"ಯಾವ ಹೆಂಚು ಮೇಡಂ?"

"ಕೊನೇ ಬೀದಿಯಲ್ಲಿ ಒಬ್ರು ಟೈಲರ್ ಇದಾರಲ್ಲ, ಅವರ ಮನೇದು."

ಬೆಕ್ಕಪ್ಪ ಹುಲ್ಲಿನ ಕಡೆಗೆ ಮುಖ ತಿರುಗಿಸಿದ.

"ದಾರಿಯಿಂದ ಅಷ್ಟು ದೂರದ ಮನೆ. ಸಣ್ಣ ಗಾಳಿ ಇದ್ದ ದಿನಗಳಲ್ಲೇ ಅಲ್ಲಿ ಹೆಂಚು ಎದ್ದಿದೆ. ಅಂದ್ರೆ ಸುಳಿ ಅಲ್ಲೀವರೆಗೂ ಹೋಗ್ತಿದೆ, ಸಣ್ಣ ಗಾಳಿಗೂ ದಾರಿ ಬಿಡ್ತಿದೆ ಅಂತಾಯ್ತು. ಯಂತ್ರ ಇಟ್ಟ ಜಾಗಾನೇ ತಪ್ಪೇನೋ ಅಂತ ಈಗ ನನಗೂ ಅನುಮಾನ. ಬೇರೆ ಯಾರು ಹೇಳಿದ್ರೂ ನಾನು ನಂಬ್ತಿರ್ಲಿಲ್ಲ. ನಿಮ್ಮ ಮಾತು ಕಲ್ಲಲ್ಲಿ ಕೊರೆದ ಹಾಗೆ ಅಂತಾರೆ ಎಲ್ರೂ. ಬರೋ ವಾರ ಸಭೆ ಇದೆ, ಅಂತರ ಇಳಿಸೋ ತೀರ್ಮಾನ ಅಲ್ಲೇ ಆಗುತ್ತೆ. ಅದಕ್ಕೆ ಮುಂಚೆ ಮುಖ ನೋಡಿ ಕೇಳೋಣ ಅಂತ ಕರ್ಕೊಂಡು ಬಂದೆ. ಅದು ಗಾಳೀನೇ ತಾನೇ?"

ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕು ಕಣ್ಣು ಬಿಟ್ಟಾಗ ಎದುರಿಗೆ ಊರೇ ನಿಂತಿತ್ತು. ಅವನು ಬಾಯಿ ತೆರೆದ. ಅಷ್ಟರಲ್ಲಿ ದೊಡ್ಡದರ ಹಿಂದಿನ ಚಿಕ್ಕ ವಿಮಾನ ಮಂಜಿನಿಂದ ಹೊರಬಂತು. ಸುಳಿಗಳು ಆಗತಾನೇ ಕರಗಿದ್ದವು. ಇಷ್ಟು ಅಂತರವಿದ್ದೂ ಅದರ ಒಂದು ರೆಕ್ಕೆ ಒಂದು ಗಳಿಗೆ ಕೆಳಗೆ ವಾಲಿ, ಮತ್ತೆ ನೆಟ್ಟಗಾಯಿತು. ಒಳಗೆ ತುಂಬ ಜನ ಕೂತಿದ್ದರು, ಮನೆಗೆ ಹೋಗಿ ಏನು ಮಾಡುವುದೆಂದು ಯೋಚಿಸುತ್ತಿದ್ದಿರಬೇಕು.

"ಇನ್ನೊಂದ್ಸಲ ಮಾಡು ಹತ್ತಿ ನೋಡಿ ಹೇಳ್ತೀನಿ ಮೇಡಂ," ಎಂದ. ತನ್ನ ದನಿ ತನಗೇ ಅಸಹ್ಯವೆನಿಸಿತು.

ಅವತ್ತು ಮಧ್ಯಾಹ್ನ ಅವನು ಮೊದಲ ಬಾರಿಗೆ ಕರೆಯದೆ ಆ ಮನೆಗೆ ಹೋದ. ಏಣಿಯಿಲ್ಲದೆ ಹೋಗಿದ್ದರಿಂದ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಟೈಲರಮ್ಮ ಯಂತ್ರ ನಿಲ್ಲಿಸಿ ಎದ್ದರು. ಮುಖ ಅರಳಿತು, ಮರುಕ್ಷಣ ಗಾಬರಿಯಾಯಿತು.

"ನಾನು ಫೋನ್ ಮಾಡಿರ್ಲಿಲ್ವಲ್ಲ?"

"ಇಲ್ಲ. ಸುಮ್ನೆ ಬಂದೆ." ಇಷ್ಟು ಹೇಳಿ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು. ಅವನು ನಿಲ್ಲಿಸುವ ಹಾಗಿರಲಿಲ್ಲ. ಹುಲ್ಲುಗಾವಲಿನಲ್ಲಿ ಕಂಡದ್ದನ್ನು, ಮೇಡಂ ಕೇಳಿದ್ದನ್ನು, ರೆಕ್ಕೆ ವಾಲಿದ್ದನ್ನು ಎಲ್ಲ ಹೇಳಿದ. ಕೈ, ಕಿಂಡಿ, ಸೀಮೆಸುಣ್ಣ ಇವುಗಳ ಮಾತೆತ್ತಲಿಲ್ಲ. ಟೈಲರಮ್ಮ ನಿಂತಲ್ಲೇ ನಿಂತು ಕೇಳಿದರು. ಕುತ್ತಿಗೆಯಲ್ಲಿ ಜೋತುಬಿದ್ದಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದರು.

"ಒಂದು ಹೆಂಚಿಗೆ ಇಷ್ಟೆಲ್ಲನಾ?" ಎಂದರು ಕೊನೆಗೆ. ದನಿ ಸಣ್ಣದಾಗಿತ್ತು.

"ನನಗೂ ಗೊತ್ತಿರ್ಲಿಲ್ಲ."

"ಹಾಗಾದ್ರೆ... ಆ ಗಾಳಿ ಇನ್ನು ಬರಲ್ಲ ಅಂತ ಹೇಳಿ ಅವರಿಗೆ."

"ಇನ್ನು ಬರಲ್ಲ ಅಂದ್ರೆ ಸಾಲದು." ಬೆಕ್ಕಪ್ಪ ನೆಲ ನೋಡುತ್ತ ಹೇಳಿದ. "ಬಂದೇ ಇಲ್ಲ ಅನ್ನಬೇಕು."

"ಒಂದ್ಸಲಾನೂ?"

"ಒಂದ್ಸಲಾನೂ."

"ಬಂದಿದ್ದು ನಿಜ ಅಲ್ವಾ?" ಎಂದರು ಟೈಲರಮ್ಮ. "ಬಂದು ಕೂತು ಟೀ ಕುಡಿದು, ನಗಿಸಿ ಹೋಗಿದ್ದು... ಅದೆಲ್ಲ ಇಲ್ಲ ಅಂತ ಹೇಗ್ರೀ ಹೇಳ್ತೀರಿ?"

ಪಕ್ಕದ ಬೀದಿಗಳ ಮೇಲೆ ವಿಮಾನ ಬಂತು. ಗೋಡೆಯ ಕೋಟುಗಳು ಸಣ್ಣಗೆ ನಡುಗಿದವು. ಅದು ಹೋಯಿತು. ಟೈಲರಮ್ಮ ತಿರುಗಿ ಯಂತ್ರದ ಮುಂದೆ ಕೂತು, ನೂಲೇ ಹಾಕದ ಸೂಜಿಯಲ್ಲಿ ಒಂದು ಬಟ್ಟೆಯ ಅಂಚನ್ನು ಉದ್ದಕ್ಕೂ ಓಡಿಸಿದರು. ಬೆಕ್ಕಪ್ಪ ಬಾಗಿಲು ಮುಂದಕ್ಕೆಳೆದುಕೊಂಡು ಹೊರಟ.

ಅವನಿಗೆ ಸಿಟ್ಟು ಬಂದಿತ್ತು. ಮೇಡಂ ಮೇಲೆ, ಯಂತ್ರದ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಆಕಾಶದಲ್ಲಿ ಓಡಾಡುವ ಕೆಲಸವಿಲ್ಲದ ಜನರ ಮೇಲೆ. ಇವರ್ಯಾರೂ ತನಗೆ ಒಂದು ಗುಂಡಿ ಹೊಲಿದು ಕೊಟ್ಟವರಲ್ಲ. ಇವರಿಗಾಗಿ ತಾನ್ಯಾಕೆ ಇದ್ದ ಒಂದು ಬಾಗಿಲನ್ನೂ ಮುಚ್ಚಿಕೊಳ್ಳಬೇಕು? ಹೇಳದಿದ್ದರೆ ಏನಾದರೂ ಆಗಿಯೇ ತೀರುತ್ತದೆ ಎಂದೇನಿದೆ? ಹೀಗೆ ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುತ್ತ ಎರಡು ದಿನ ಕಳೆದ. ಮೂರನೆಯ ದಿನ ಭಾನುವಾರ. ಅಕ್ಕ ಫೋನು ಮಾಡಿ ಊಟ ಆಯ್ತಾ ಎಂದಳು. ಆಯ್ತು ಎಂದ. ಆಗಿರಲಿಲ್ಲ. ಫೋನಿಟ್ಟ ಮೇಲೆ ಅವನಿಗೆ ಇದ್ದಕ್ಕಿದ್ದ ಹಾಗೆ, ಆ ವಿಮಾನದೊಳಗೆ ಇರುವವರನ್ನೂ ಯಾರೋ ಒಬ್ಬರು ಹೀಗೆ ವಾರಕ್ಕೊಮ್ಮೆ ಕೇಳುತ್ತಿರಬೇಕು ಎನಿಸಿತು. ಇನ್ನು ತಡೆಯಲಾಗಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ಸುಳಿ ಮೇಡಂ ಕೋಣೆಯ ಬಾಗಿಲಲ್ಲಿ ನಿಂತ.

"ಆ ಮನೇದು ಗಾಳಿ ಅಲ್ಲ ಮೇಡಂ."

ಮೇಡಂ ಕನ್ನಡಕ ತೆಗೆದಿಟ್ಟರು. "ಯಾವ ಸಲದ್ದು?"

"ಯಾವ ಸಲದ್ದೂ ಅಲ್ಲ."

"ಮತ್ತೇನು?"

"ಹಳತು. ನಾನೇ ಸುಳ್ಳು ಹೇಳಿದೆ."

"ಹಳೇ ಹೆಂಚು ಜಾರುತ್ತೆ. ಒಂದೇ ಮನೇಲಿ ಇಷ್ಟು ಸಲ ಏಳಲ್ಲ," ಎಂದರು ಮೇಡಂ. ಅವರೇನು ದಡ್ಡರಲ್ಲ. ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಬೆಕ್ಕಪ್ಪ ಬಾಗಿಲ ಚೌಕಟ್ಟಿನ ಕಡೆ ನೋಡಿದ. ಮೇಡಂ ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟರು. ಅಷ್ಟರ ಮಟ್ಟಿಗೆ ಅವರು ದೊಡ್ಡವರು.

"ಬೇರೆ ಮನೆಗಳು?"

"ಅವೆಲ್ಲ ನಿಜ ಮೇಡಂ. ದೇವರಾಣೆಗೂ ನಿಜ."

"ನಾನು ಹೇಗೆ ನಂಬ್ಲಿ ಹೇಳಿ?" ಎಂದರು. ಸಿಟ್ಟಿನಿಂದಲ್ಲ, ಸುಸ್ತಾದವರ ಹಾಗೆ. "ನೀವು ಗಾಳಿ ಅಂದಿದ್ದನ್ನೆಲ್ಲ ಈಗ ಪಕ್ಕಕ್ಕಿಡಬೇಕು. ಯಂತ್ರ ಹೇಳಿದ್ದೇ ಸರಿ ಅಂತಾಯ್ತು. ಅಂತರ ಇಳಿಸಲ್ಲ, ಇದ್ದ ಹಾಗೇ ಇರುತ್ತೆ." ಆಮೇಲೆ ಮೆಲ್ಲಗೆ, "ಈಗಲಾದ್ರೂ ಹೇಳಿದ್ರಲ್ಲ," ಎಂದರು.

ಆ ಒಂದು ಮಾತನ್ನು ಹಿಡಿದುಕೊಂಡು ಅವನು ಹೊರಗೆ ಬಂದ. ಬಾಳೆಲ್ಲ ಮಾಡು ಹತ್ತಿ ಹತ್ತಿ ಕೂಡಿಸಿಟ್ಟ ಮಾತು ಒಂದು ಬೆಳಿಗ್ಗೆಯಲ್ಲಿ ನೀರುಪಾಲಾಗಿತ್ತು. ಅದಕ್ಕೆ ಅಳು ಬಂದಿದ್ದರೆ ಒಳ್ಳೆಯದಿತ್ತು, ಬರಲಿಲ್ಲ. ವಿಭಾಗದವರು ಅವನನ್ನು ಮನೆಗೆ ಕಳಿಸಲಿಲ್ಲ. ಮುಂದಿನ ತಿಂಗಳಿನಿಂದ ನಿಲ್ದಾಣದ ಒಳಗೆ ದೀಪದ ಬಲ್ಬು ಬದಲಾಯಿಸುವ ಕೆಲಸಕ್ಕೆ ಹಾಕಿದರು. ಬೆಕ್ಕಪ್ಪ ಇನ್ನು ಮಾಡಿನ ಕೆಳಗಿನ ಇಲಿಯಪ್ಪ ಎಂದು ಗೆಳೆಯರು ತಮಾಷೆ ಮಾಡಿದರು. ಅವನೂ ನಕ್ಕ. ಇನ್ನೊಂದು ಹುಕುಂ ಬಂತು. ಆ ಬೀದಿಗಳ ಮನೆಗಳಿಗೆಲ್ಲ ಹೆಂಚು ಹೆಂಚಿಗೂ ಉಕ್ಕಿನ ಕ್ಲಿಪ್ಪು ಹಾಕಿ ರೀಪಿಗೆ ಬಿಗಿಯಬೇಕು, ಸುಳಿಯಪ್ಪನೇ ಬಂದರೂ ಒಂದು ಹೆಂಚು ಏಳಬಾರದು. ಆ ಕೆಲಸಕ್ಕೆ ಹೊರಗಿನ ಆಳುಗಳು ಬಂದರು. ಕೊನೆಯ ಬೀದಿಯ ಕೊನೆಯ ಮನೆಯನ್ನು ಮಾತ್ರ ತಾನೇ ಮಾಡುತ್ತೇನೆಂದು ಬೆಕ್ಕಪ್ಪ ಕೇಳಿಕೊಂಡ. ಯಾಕೆ ಎಂದು ಯಾರೂ ಕೇಳಲಿಲ್ಲ.

ಅವನು ಏಣಿ ಇಟ್ಟಾಗ ಟೈಲರಮ್ಮ ಬಾಗಿಲು ತೆರೆದು ನೋಡಿ, "ಬನ್ನಿ" ಎಂದು ಮಾತ್ರ ಅಂದು ಒಳಗೆ ಹೋದರು. ಅವನು ಮಾಡಿನ ಒಂದು ತುದಿಯಿಂದ ಶುರುಮಾಡಿದ. ಹೆಂಚಿನ ಪಕ್ಕಕ್ಕೆ ಕ್ಲಿಪ್ಪು ಸಿಕ್ಕಿಸುವುದು, ಮೊಳೆ ಹೊಡೆಯುವುದು, ಮುಂದಿನದಕ್ಕೆ ಸರಿಯುವುದು. ಕೆಳಗೆ ಯಂತ್ರದ ಸದ್ದಿರಲಿಲ್ಲ. ಬಿಸಿಲು ಏರಿತು. ಕಿಂಡಿಯ ಸುತ್ತಲಿನ ಹೆಂಚುಗಳನ್ನು ಅವನು ಬಿಟ್ಟು ಬಿಟ್ಟು ಕೊನೆಗೆ ಉಳಿಸಿಕೊಂಡ. ಅವಕ್ಕೂ ಕ್ಲಿಪ್ಪು ಹಾಕುತ್ತ ಬಂದು ಒಂದೆರಡು ಬಾಕಿಯಿರುವ ಹೊತ್ತಿಗೆ ಕಿಂಡಿಯ ಗಾಜು ಮೇಲೆದ್ದು ಟೈಲರಮ್ಮನ ತಲೆ ಹೊರಗೆ ಬಂತು. ಸ್ಟೂಲಿನ ಮೇಲೆ ನಿಂತಿದ್ದರೇನೋ. ಇಬ್ಬರೂ ಮಾಡಿನ ಮೇಲೆ ಎದುರುಬದುರಾದದ್ದು ಅದೇ ಮೊದಲು. ಆಕೆಯ ಕೂದಲಲ್ಲಿ ನೂಲಿನ ಎಳೆಯೊಂದು ಸಿಕ್ಕಿಕೊಂಡಿತ್ತು.

"ಇವಕ್ಕೂ ಹಾಕ್ತೀರಾ?"

"ಹಾಕ್ಬೇಕು."

"ಎಲ್ಲ ನಿಮ್ಮ ಮೇಲೇ ಹಾಕ್ಕೊಂಡ್ರಂತೆ, ಕ್ಲಿಪ್ಪಿನ ಆಳುಗಳು ಅಂದ್ರು. ನನ್ನ ವಿಷಯ ಹೇಳಲಿಲ್ವಂತೆ ನೀವು."

"ಹೇಳೋಕೇನಿತ್ತು?" ಎಂದ ಬೆಕ್ಕಪ್ಪ, ಮೊಳೆ ಹುಡುಕುತ್ತ.

ಟೈಲರಮ್ಮ ಕೈ ಚಾಚಿ ಒಂದು ಹೆಂಚನ್ನು ಎತ್ತಲು ನೋಡಿದರು. ಅದಕ್ಕೆ ಆಗಲೇ ಕ್ಲಿಪ್ಪು ಬಿದ್ದಿತ್ತು, ಮಿಸುಕಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡು ಬೆರಳುಗಳನ್ನೇ ನೋಡಿಕೊಂಡರು. ಬೆಕ್ಕಪ್ಪ ಸುತ್ತಿಗೆ ಕೆಳಗಿಟ್ಟ.

"ಕಷ್ಟಪಟ್ಟು ಸ್ಟೂಲು ಹತ್ತೋ ಬದಲು ಒಂದ್ಸಲ ಕರೆದಿದ್ರೆ ಬಂದುಬಿಡ್ತಿದ್ದೆ," ಎಂದ.

"ಏನಂತ ಕರೀಲಿ?" ಟೈಲರಮ್ಮ ತಲೆಯೆತ್ತಿದರು. "ಅಣ್ಣ ಅಂದ್ರೆ ಸುಳ್ಳಾಗುತ್ತೆ. ತಮ್ಮ ಅನ್ನೋಕೆ ನಾಲಿಗೆ ಏಳಲ್ಲ. ಬನ್ನಿ ಬನ್ನಿ ಅಂತ ಗಿರಾಕಿಗಳನ್ನ ಕರೆದೂ ಕರೆದೂ ನನಗೆ ಆ ಮಾತೇ ಸವೆದುಹೋಗಿದೆ. ನೀವೇ ಹೇಳಿ, ಯಾರು ಅಂತ ಕರೀಬೇಕಿತ್ತು?"

ಈ ಪ್ರಶ್ನೆಗೆ ಉತ್ತರ ಅವನ ಬಾಯಲ್ಲೇ ಇತ್ತು. ತನಗೇ ಗೊತ್ತಿಲ್ಲದೆ ಎಷ್ಟೋ ದಿನದಿಂದ ಇದ್ದಿರಬೇಕು. ಆಕೆಯ ಮುಖ ನೋಡುತ್ತ ಅವನು ಹೇಳಿಯೇಬಿಟ್ಟ.

"ಯಾರು ಅಂತಾನೂ ಬೇಡ. ಬಾ ಅಂದ್ರೆ ಸಾಕಿತ್ತು."

ಹೇಳುವುದಕ್ಕೂ ದೊಡ್ಡ ವಿಮಾನವೊಂದು ಪಕ್ಕದ ಬೀದಿಗಳ ಮೇಲೆ ಹಾದುಹೋಗುವುದಕ್ಕೂ ಸರಿಹೋಯಿತು. ಅವನ ತುಟಿ ಅಲುಗಿದ್ದಷ್ಟೇ ಆಕೆಗೆ ಕಂಡದ್ದು. ಟೈಲರಮ್ಮ ಕಿವಿಗೆ ಕೈ ಹಿಡಿದು, ಸದ್ದು ಅಡಗುವ ತನಕ ಕಾದರು.

"ಏನಂದ್ರಿ?"

ಮಾಡಿನ ಮೇಲೆ ಈಗ ಸದ್ದೇ ಇರಲಿಲ್ಲ. ಹಿಂದಿನ ವಿಮಾನ ದೂರದಲ್ಲಿ ಒಂದು ಚುಕ್ಕಿಯಾಗಿ, ಇರಬೇಕಾದಷ್ಟು ಹಿಂದೆಯೇ ಇತ್ತು. ಅದು ಬರುವುದರೊಳಗೆ ಆ ಒಂದಕ್ಷರವನ್ನು ನೂರು ಸಲ ಹೇಳಬಹುದಿತ್ತು. ಆಕೆ ಕಿವಿಯಿಂದ ಕೈ ತೆಗೆಯದೆ ಕಾಯುತ್ತಿದ್ದರು. ಬೆಕ್ಕಪ್ಪ ಮೊಳೆಯೊಂದನ್ನು ಕೈಗೆತ್ತಿಕೊಂಡ. ಒಮ್ಮೆ ಹೇಳಲು ಇದ್ದ ಧೈರ್ಯ ಒಮ್ಮೆಗೇ ಖರ್ಚಾಗಿ ಹೋಗಿತ್ತು.

"ಏನಿಲ್ಲ," ಎಂದು ಬಗ್ಗಿ ಕೊನೆಯ ಹೆಂಚಿಗೆ ಕ್ಲಿಪ್ಪು ಸಿಕ್ಕಿಸಿ ಮೊಳೆ ಹೊಡೆದ.

ಟೈಲರಮ್ಮ ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ಆಮೇಲೆ ತಲೆ ಒಳಗೆಳೆದುಕೊಂಡು ಕಿಂಡಿಯ ಗಾಜು ಹಾಕಿಕೊಂಡರು. ಬೆಕ್ಕಪ್ಪ ಹೆಂಚುಗಳನ್ನೆಲ್ಲ ಒಂದೊಂದಾಗಿ ಅಲುಗಿಸಿ ನೋಡಿದ. ಎಲ್ಲವೂ ಭದ್ರವಾಗಿದ್ದವು.